ಸೀತಾ ಹೊಳೆಗೆ ಇಳಿಯೋಕೆ ಮೆಟ್ಟಿಲು ಕೊಡಿ, ಸಾಕು: ಉಡುಪಿ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಪ್ರವಾಸೋದ್ಯಮ ಇಲಾಖೆಯವ್ರಿಗೆ, ಸಣ್ಣ ನೀರಾವರಿಯವ್ರಿಗೆ, ಮತ್ತೆ ಬಾರ್ಕೂರಿಂದ ಹಂಗಾರಕಟ್ಟೆ ತನಕ ಹೊಳೆ ಬದಿಯಲ್ಲಿರೋ ಎಲ್ಲ ಗ್ರಾಮ ಪಂಚಾಯ್ತಿಯವ್ರಿಗೆ ನಮಸ್ಕಾರ.

ಏನು ಬೇಕು ಅಂತ ಮೊದ್ಲೇ ಹೇಳಿಬಿಡ್ತೇನೆ, ಯಾಕಂದ್ರೆ ಉದ್ದ ಪತ್ರ ಓದೋಕೆ ನಿಮಗೆ ಪುರುಸೊತ್ತಿಲ್ಲ ಅಂತ ಗೊತ್ತು. ಗಾಜಿನ ಸೇತುವೆ ಬೇಡ, ಸೆಲ್ಫಿ ಪಾಯಿಂಟ್ ಬೇಡ, ಐ ಲವ್ ಅಂತ ಶುರುವಾಗೋ ಬಣ್ಣಬಣ್ಣದ ದೊಡ್ಡ ಅಕ್ಷರಗಳು ದೇವರಾಣೆ ಬೇಡ. ಬಾರ್ಕೂರಿಂದ ಮಾಬುಕಳ ದಾಟಿ ಹಂಗಾರಕಟ್ಟೆ ತನಕ ಸೀತಾ ಹೊಳೆಯಲ್ಲಿ ಕಯಾಕ್ (ಹುಟ್ಟು ಹಾಕೋ ಸಣ್ಣ ದೋಣಿ) ಹಾಕ್ಕೊಂಡು ಹೋಗೋವ್ರಿಗೆ ಅಲ್ಲಲ್ಲಿ ಹತ್ತೋಕೆ ಇಳಿಯೋಕೆ ಜಾಗ ಮಾಡಿಕೊಡಿ, ಪ್ರತೀ ಜಾಗದಲ್ಲಿ ಒಂದು ಬೋರ್ಡು, ಆ ಬೋರ್ಡಲ್ಲಿ ಮುಂದಿನ ಜಾಗ ಎಷ್ಟು ದೂರ ಅನ್ನೋದು, ಇವತ್ತು ಭರತ ಎಷ್ಟೊತ್ತಿಗೆ ಇಳಿತ ಎಷ್ಟೊತ್ತಿಗೆ ಅನ್ನೋದು, ಎಲ್ಲಿ ಹೋಗ್ಬಾರ್ದು ಅನ್ನೋದು. ಹೊಳೆಗೆ ಅಡ್ಡ ಕಟ್ಟಿರೋ ಕಡೆ ದೋಣಿ ಹೊತ್ಕೊಂಡು ದಾಟೋಕೆ ಒಂದು ಕಾಲುದಾರಿ. ಇಷ್ಟೇ. ಹೊರದೇಶದಲ್ಲಿ ಇದಕ್ಕೆ ಪ್ಯಾಡ್ಲಿಂಗ್ ಟ್ರೇಲ್ ಅಂತಾರೆ, ನಾವು ಹೊಳೆದಾರಿ ಅಂದ್ರೂ ನಡೀತದೆ, ಹೆಸರು ಏನಾದ್ರೂ ಇಟ್ಕೊಳ್ಳಿ.

ಸೀತಾ ಹೊಳೆ ನಿಮಗೆ ಗೊತ್ತಿಲ್ಲದ್ದೇನಲ್ಲ. ಆಗುಂಬೆ ಕಡೆ ಘಟ್ಟದಲ್ಲಿ ಹುಟ್ಟಿ, ಸೋಮೇಶ್ವರದ ಕಾಡಲ್ಲಿ ಇಳಿದು, ಹೆಬ್ರಿ ಆಸುಪಾಸಲ್ಲಿ ಮಳೆಗಾಲ ಪೂರ್ತಿ ರಾಫ್ಟಿಂಗಿನವ್ರ ಕೈಲಿ ಕಿರುಚಿಸಿ, ಕೆಳಗೆ ಬಂದ ಮೇಲೆ ಪಾಪ ಸುಸ್ತಾದ ಹಾಗೆ ನಿಧಾನ ಆಗಿಬಿಡ್ತದೆ. ಮೇಲೆ ಬಂಡೆ, ರಭಸ, ಹೆಲ್ಮೆಟ್ಟು. ಕೆಳಗೆ ತೆಂಗಿನ ತೋಟ, ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯೋ ಮ್ಯಾಂಗ್ರೋವ್ ಮರ), ಕುದ್ರು (ಹೊಳೆ ನಡುವಿನ ದ್ವೀಪ), ಬೆಳ್ಳಕ್ಕಿ. ರಾಫ್ಟಿಂಗ್ ಮಾಡೋಕೆ ಧೈರ್ಯ ಇರೋ ವಯಸ್ಸಿನ ಹುಡುಗ್ರು ಬೇಕು, ಆದ್ರೆ ಕೆಳಗಿನ ಹೊಳೆಯಲ್ಲಿ ಐವತ್ತು ದಾಟಿದ ಅಮ್ಮನೂ ಲೈಫ್ ಜಾಕೆಟ್ ಹಾಕ್ಕೊಂಡು ಹುಟ್ಟು ಹಾಕ್ಬಹುದು, ನಮ್ಮನೆಯಲ್ಲೇ ಹಾಕಿದ್ದಾರೆ, ಹಾಕಿ ಬಂದು ನಾಲ್ಕು ದಿನ ಭುಜ ನೋವು ಅಂತ ಹೇಳಿದ್ದಾರೆ, ಆಮೇಲೆ ಪುನಃ ಯಾವಾಗ ಅಂತಾನೂ ಕೇಳಿದ್ದಾರೆ. ಆದ್ರೆ ಈ ಕೆಳಗಿನ ಹೊಳೆಯನ್ನ ಈಗ ನೋಡೋರು ಯಾರು ಹೇಳಿ? ಹೈವೇಯಲ್ಲಿ ಹೋಗೋವ್ರು ಮಾಬುಕಳ ಸೇತುವೆ ಮೇಲೆ ಕಾರಿನ ಕಿಟಕಿಯಿಂದ ಒಂದು ಹತ್ತು ಸೆಕೆಂಡ್ ನೋಡ್ತಾರೆ, ವ್ಹಾ ಅಂತಾರೆ, ಅಷ್ಟೊತ್ತಿಗೆ ಸೇತುವೆ ಮುಗೀತು.

ಒಂದು ಕಾಲದಲ್ಲಿ ಹೀಗಿರ್ಲಿಲ್ಲ. ಬಾರ್ಕೂರು ಆಳುಪ ಅರಸರ ರಾಜಧಾನಿ ಆಗಿದ್ದಿದ್ದು, ವಿಜಯನಗರದ ಕಾಲಕ್ಕೆ ಬಾರ್ಕೂರು ರಾಜ್ಯ ಅಂತಲೇ ಒಂದು ಪ್ರಾಂತ್ಯ ಇದ್ದಿದ್ದು ಎಲ್ಲ ಶಾಲೆ ಪುಸ್ತಕದಲ್ಲಿ ಓದಿದ್ದೇವೆ. ಆದ್ರೆ ಅಷ್ಟು ದೊಡ್ಡ ಊರು ಸಮುದ್ರ ಬಿಟ್ಟು ಒಳಗೆ ಯಾಕೆ ಬೆಳೀತು ಅಂತ ಕೇಳಿದ್ರೆ ಉತ್ತರ ಈ ಹೊಳೆ. 14ನೇ ಶತಮಾನದಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಕರಾವಳಿಗುಂಟ ಹೋಗ್ವಾಗ ಫಾಕನೂರ್ ಅಂತ ಒಂದು ಊರಿನ ಬಗ್ಗೆ ಬರೀತಾನೆ, ಅದು ನಮ್ಮ ಬಾರ್ಕೂರೇ ಅಂತ ಇತಿಹಾಸ ಓದಿದವ್ರು ಹೇಳ್ತಾರೆ, ಹಿನ್ನೀರಿನ ಬದಿಯ ದೊಡ್ಡ ಊರು, ಅಲ್ಲಿ ಕಬ್ಬು ಭಾರೀ ಒಳ್ಳೇದು ಅಂತ ಅವನು ಬರೆದಿದ್ದು. (ಕಬ್ಬೂ ಹೋಯ್ತು, ಬ್ರಹ್ಮಾವರದ ಸಕ್ಕರೆ ಕಾರ್ಖಾನೆನೂ ಬಾಗಿಲು ಹಾಕ್ತು, ಅದು ಬೇರೆ ಪತ್ರಕ್ಕೆ ಆಗೋ ವಿಷಯ.) ಈಗ ಬಾರ್ಕೂರಿಗೆ ಬರೋವ್ರು ಕತ್ತಲೆ ಬಸದಿ ನೋಡ್ತಾರೆ, ಪಂಚಲಿಂಗೇಶ್ವರಕ್ಕೆ ಕೈ ಮುಗೀತಾರೆ, ಕೋಟೆಕೇರಿ, ಮಣಿಗಾರಕೇರಿ ಅಂತ ಕೇರಿ ಕೇರಿ ಸುತ್ತಾರೆ, ವಾಪಸ್ ಹೋಗ್ತಾರೆ. ಆ ಕೇರಿಗಳಿಗೆ ಸರಕು ಬಂದ ದಾರಿ ಮಾತ್ರ ಯಾರಿಗೂ ಕಾಣೋದಿಲ್ಲ. ನೀರಿನ ಮೇಲಿಂದ ಬಾರ್ಕೂರಿಗೆ ಬಂದು ನೋಡಿ, ಆ ಊರು ಅಲ್ಲೇ ಯಾಕುಂಟು ಅಂತ ಯಾರೂ ವಿವರಿಸಬೇಕಾಗಿಲ್ಲ.

ಹಂಗಾರಕಟ್ಟೆಯೂ ಹಾಗೇ. ಹಳೇ ಬಂದರು, ಈಗ್ಲೂ ಹಡಗು ಕಟ್ಟೋ ಯಾರ್ಡ್ ಉಂಟು, ಬೋಟುಗಳು ಉಂಟು, ಕೋಡಿ ಬೆಂಗ್ರೆಗೆ ಹೋಗೋ ಬಾರ್ಜ್ ಉಂಟು. ಸೀತಾ ಮತ್ತೆ ಸುವರ್ಣಾ ಎರಡೂ ಹೊಳೆ ಸೇರಿ ಸಮುದ್ರಕ್ಕೆ ಬೀಳೋ ಜಾಗ ಅದು.

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ಹಿಂದೆ ಈ ಹೊಳೆಗುಂಟ ಕಡವುಗಳಿದ್ವು. ಆಚೆ ಊರಿಗೆ ಮದುವೆಗೆ, ಶಾಲೆಗೆ, ಸಂತೆಗೆ ಎಲ್ಲದಕ್ಕೂ ದೋಣಿಯೇ. ಕಡವು ಅಂದ್ರೆ ಬರೀ ದೋಣಿ ನಿಲ್ಲೋ ಜಾಗ ಅಲ್ಲ, ಅಲ್ಲಿಗೆ ಹೋಗೋಕೆ ಗದ್ದೆ ಬದುವಿನ ಮೇಲೆ ದಾರಿ, ಇಳಿಯೋಕೆ ಕೆಂಪುಕಲ್ಲಿನ ಮೆಟ್ಟಿಲು, ಕಾಯೋಕೆ ಒಂದು ಮರ, ಒಂದು ಗೂಡಂಗಡಿ, ಎಲ್ಲ ಸೇರಿ ಕಡವು. ಸೇತುವೆ ಬಂದ್ವು, ಬರಲೇಬೇಕಿತ್ತು, ಹೆರಿಗೆ ನೋವು ಬಂದ ಹೆಂಗಸನ್ನ ರಾತ್ರಿ ದೋಣಿಯಲ್ಲಿ ದಾಟಿಸಿದ ಕಥೆಗಳನ್ನ ಕೇಳಿದವ್ರು ಯಾರೂ ಸೇತುವೆ ಬೇಡ ಅನ್ನೋದಿಲ್ಲ. ಆದ್ರೆ ಸೇತುವೆ ಬಂದ ಮೇಲೆ ಕಡವು ಸತ್ತುಹೋಯ್ತು, ಕಡವಿನ ದಾರಿಯಲ್ಲಿ ಬಲ್ಲೆ ಬೆಳೀತು, ಕೆಲವು ಕಡೆ ದಾರಿ ಯಾರದೋ ಕಂಪೌಂಡ್ ಒಳಗೆ ಸೇರ್ಕೊಂಡಿತು, ಊರವ್ರೆಲ್ಲ ಮನೆ ಮುಖವನ್ನ ರೋಡಿನ ಕಡೆ ತಿರುಗಿಸಿದ್ರು. ಹೊಳೆ ಈಗ ಎಲ್ಲರ ಮನೆ ಹಿಂದೆ.

ಅದರ ಮೇಲೆ ತಡೆಗೋಡೆ. ದಂಡೆ ಕೊರೀತದೆ, ತೋಟ ಹೋಗ್ತದೆ, ಗೋಡೆ ಬೇಕು, ಅದಕ್ಕೆ ತಕರಾರಿಲ್ಲ. ನನ್ನ ತಕರಾರು ಗೋಡೆ ಕಟ್ಟೋ ರೀತಿಗೆ. ನಾನು ಆಗಾಗ ಕಯಾಕ್ ಇಳಿಸೋ ಒಂದು ಜಾಗ ಉಂಟು, ಯಾವ ಊರು ಅಂತ ಬೇಡ, ಯಾರ ಕಾಮಗಾರಿ ಅಂತಾನೂ ಬೇಡ. ಅಲ್ಲಿ ಹಳೇ ಮೆಟ್ಟಿಲಿತ್ತು, ಸವೆದುಹೋಗಿತ್ತು, ಪಾಚಿ ಕಟ್ಟಿತ್ತು, ಆದ್ರೂ ಇಳೀಬಹುದಿತ್ತು. ಈಗ ಅದರ ಮೇಲೆ ಕರಿಕಲ್ಲಿನ ಗೋಡೆ ನೆಟ್ಟಗೆ ನಿಂತಿದೆ, ಆಳೆತ್ತರ, ನೂರಾರು ಅಡಿ ಉದ್ದ, ಎಲ್ಲೂ ಒಂದು ಮೆಟ್ಟಿಲಿಲ್ಲ. ಮರುವಾಯಿ (ಹೊಳೆಯ ಚಿಪ್ಪುಮೀನು) ಹೆಕ್ಕೋಕೆ ಹೋಗೋ ಹೆಂಗಸ್ರು ಏನ್ ಮಾಡ್ತಾರೆ ಗೊತ್ತುಂಟಾ, ಒಂದು ಅಡಿಕೆ ಮರದ ಏಣಿ ಮಾಡಿ ಗೋಡೆಗೆ ಒರಗಿಸಿ ಹಗ್ಗದಲ್ಲಿ ಕಟ್ಟಿಟ್ಟಿದ್ದಾರೆ, ಇಳಿತಕ್ಕೆ ಅದ್ರಲ್ಲಿ ಇಳೀತಾರೆ, ತಿರುಗಿ ಬರುವಾಗ ಒದ್ದೆ ಸೀರೆ, ತಲೆ ಮೇಲೆ ಬುಟ್ಟಿ, ಒಂದು ಕೈ ಬುಟ್ಟಿಗೆ ಒಂದು ಕೈ ಏಣಿಗೆ, ಮೇಲೆ ಬಂದು ಮುಟ್ಟುವಾಗ ಮೊದ್ಲು ಬುಟ್ಟಿಯನ್ನ ಗೋಡೆ ಮೇಲೆ ತಳ್ತಾರೆ, ಆಮೇಲೆ ಮೊಣಕಾಲು ಊರಿ ತಾವು ಹತ್ತಾರೆ. ಅದೇ ಗೋಡೆಯಲ್ಲಿ ನಾಲ್ಕಡಿ ಅಗಲದ ಮೆಟ್ಟಿಲು ಬಿಡೋಕೆ ಎಷ್ಟು ಖರ್ಚು ಬರ್ತಿತ್ತು? ಡ್ರಾಯಿಂಗಿನಲ್ಲಿ ಒಂದು ಗೆರೆ ಜಾಸ್ತಿ ಎಳೀಬೇಕಿತ್ತು, ಅಷ್ಟೇ.

ಹಾಗಾಗಿ ನಾನು ಕಯಾಕಿನವ್ರ ಪರವಾಗಿ ಕೇಳ್ತಿದ್ದೇನೆ ಅಂತ ಕಂಡ್ರೂ ಈ ಮೆಟ್ಟಿಲು ಬೇಕಾಗಿರೋದು ಮೊದ್ಲು ಆ ಹೆಂಗಸ್ರಿಗೆ. ಕಡವುಗಳನ್ನ ವಾಪಸ್ ತನ್ನಿ, ಹೊಳೆದಾರಿ ತನ್ನಷ್ಟಕ್ಕೇ ಆಗ್ತದೆ.

ನಿಮ್ಮಲ್ಲಿ ಯಾರಾದ್ರೂ ಕೇಳ್ಬಹುದು, ಸಾಲಿಗ್ರಾಮದ ಪಾರಂಪಳ್ಳಿ ಕಡೆ ಕಯಾಕಿಂಗ್ ಆಗ್ಲೇ ನಡೀತಾ ಇದ್ಯಲ್ಲ, ಇನ್ನೇನು ಬೇಕು ಅಂತ. ನಡೀತಾ ಉಂಟು, ಒಳ್ಳೇದೇ, ಊರಿನ ಹುಡುಗ್ರಿಗೆ ಕೆಲಸ ಆಗಿದೆ, ಕಾಂಡ್ಲಾ ಅಂದ್ರೆ ಏನು ಅಂತ ಬೆಂಗಳೂರಿಂದ ಬಂದ ಮಕ್ಕಳಿಗೆ ಗೊತ್ತಾಗಿದೆ. ಹೊನ್ನಾವರದಲ್ಲಿ ಶರಾವತಿ ಹಿನ್ನೀರಲ್ಲಿ ಅರಣ್ಯ ಇಲಾಖೆಯವ್ರು ಮಾಡಿದ ಕಾಂಡ್ಲಾ ವಾಕ್ ಕೂಡ ಚೆನ್ನಾಗಿದೆ, ಮರದ ದಾರಿಯಲ್ಲಿ ನಡ್ಕೊಂಡು ಹೋಗಿ ಬೇರುಗಳನ್ನ ಹತ್ತಿರದಿಂದ ನೋಡ್ಬಹುದು. ಆದ್ರೆ ಇವೆಲ್ಲ ಒಂದು ಜಾಗಕ್ಕೆ ಹೋಗಿ, ಗೇಟಲ್ಲಿ ದುಡ್ಡು ಕೊಟ್ಟು, ಅಲ್ಲೇ ಸುತ್ತಿ ಅಲ್ಲೇ ವಾಪಸ್ ಬರೋ ವ್ಯವಸ್ಥೆ. ಶನಿವಾರ ಭಾನುವಾರ ಎಲ್ಲರೂ ಅಲ್ಲಿಗೇ, ಅದೇ ನಾಲ್ಕು ತೋಡುಗಳಲ್ಲಿ (ಹೊಳೆಯ ಸಣ್ಣ ಕವಲುಗಳಲ್ಲಿ) ಕಯಾಕಿಗೆ ಕಯಾಕ್ ಡಿಕ್ಕಿ, ಮಿಂಚುಳ್ಳಿ ಎಲ್ಲ ಓಡಿಹೋಗಿ ರೀಲ್ಸ್ ಹಾಡು ಮಾತ್ರ ಕೇಳ್ತದೆ. ಹೊಳೆದಾರಿ ಹಾಗಲ್ಲ. ಒಂದು ಕಡವಲ್ಲಿ ಇಳಿದ್ರೆ ಇನ್ನೊಂದರಲ್ಲಿ ಹತ್ತೋದು, ನಡುವೆ ಊಟ, ನಡುವೆ ಊರು, ಜನ ಹಂಚಿಹೋಗ್ತಾರೆ, ದುಡ್ಡೂ ಹಂಚಿಹೋಗ್ತದೆ. ಹೊರಟ ಜಾಗಕ್ಕೆ ವಾಪಸ್ ಬಿಡೋಕೆ ರಿಕ್ಷಾದವ್ರು ಬೇಕಾಗ್ತಾರೆ, ಮಧ್ಯಾಹ್ನ ಗಂಜಿ ಊಟಕ್ಕೆ, ಮೀನು ಸಾರಿಗೆ ಯಾರದೋ ಮನೆ ಬೇಕಾಗ್ತದೆ, ಇದ್ಯಾವುದಕ್ಕೂ ಟೆಂಡರ್ ಬೇಕಾಗಿಲ್ಲ.

ಹೊಳೆದಾರಿಯ ನಿಜವಾದ ಯಜಮಾನ ಯಾರು ಗೊತ್ತಾ? ಭರತ ಮತ್ತೆ ಇಳಿತ. ಇದನ್ನ ಸ್ವಲ್ಪ ವಿವರವಾಗಿ ಬರೀತೇನೆ, ಯಾಕಂದ್ರೆ ಆಫೀಸಲ್ಲಿ ಕೂತು ಮ್ಯಾಪ್ ನೋಡಿ ಪ್ಲಾನ್ ಮಾಡೋವ್ರಿಗೆ ಇದು ಕಾಣೋದಿಲ್ಲ. ದಿನಕ್ಕೆ ಎರಡು ಸಲ ನೀರು ಏರ್ತದೆ, ಎರಡು ಸಲ ಇಳೀತದೆ, ದಿನ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತಾ ಹೋಗ್ತದೆ. ಹುಣ್ಣಿಮೆ ಅಮಾವಾಸ್ಯೆ ಆಸುಪಾಸು ಜಾಸ್ತಿ ಏರಿ ಜಾಸ್ತಿ ಇಳೀತದೆ, ಅಷ್ಟಮಿ ಹೊತ್ತಿಗೆ ಮಂದ, ಇದನ್ನ ನಮ್ಮ ಮೀನುಗಾರರು ಆ್ಯಪ್ ನೋಡದೇ ಹೇಳ್ತಾರೆ. ಸಮುದ್ರದಲ್ಲಿ ನೀರು ತುಂಬಿದ ತಕ್ಷಣ ಬಾರ್ಕೂರಲ್ಲಿ ತುಂಬೋದಿಲ್ಲ, ಒಳಗೆ ಬರೋಕೆ ಅದಕ್ಕೂ ಟೈಮ್ ಬೇಕು, ಹಾಗಾಗಿ ಫೋನಲ್ಲಿ ಮಂಗಳೂರಿನ ಟೈಡ್ ಟೈಮ್ ನೋಡಿ ಇಲ್ಲಿ ಕಯಾಕ್ ಇಳಿಸಿದ್ರೆ ಲೆಕ್ಕ ತಪ್ತದೆ. ಕಡವಿನ ಬೋರ್ಡಲ್ಲಿ ಆ ಕಡವಿನದ್ದೇ ಟೈಮ್ ಬರೀಬೇಕು, ಅದನ್ನ ಬರೆಯೋಕೆ ಆ ಊರಿನ ದೋಣಿಯವ್ರೇ ಆಗ್ಬೇಕು.

ಬೆಳಗ್ಗೆ ಇಳಿತ ಶುರುವಾಗೋ ದಿನ ನೋಡಿ ಮೇಲಿಂದ ಹೊರಟ್ರೆ ಹುಟ್ಟು ಹಾಕೋ ಕೆಲಸ ಅರ್ಧ, ನೀರೇ ಕರ್ಕೊಂಡು ಹೋಗ್ತದೆ, ಗಾಳಿ ಇರೋದಿಲ್ಲ, ಹೊಳೆ ಮೇಲೆ ಸಣ್ಣ ಮಂಜು, ದಡದಲ್ಲಿ ಯಾರೋ ಬೀಸು ಬಲೆ ಹಿಡ್ಕೊಂಡು ಸೊಂಟ ನೀರಲ್ಲಿ ನಿಂತಿರ್ತಾರೆ. ಹನ್ನೊಂದು ಗಂಟೆ ದಾಟಿದ ಮೇಲೆ ಪಡುವಲಿಂದ ಸಮುದ್ರದ ಗಾಳಿ ಏಳ್ತದೆ, ಆಗ ಅದಕ್ಕೆ ಎದುರಾಗಿ ಹುಟ್ಟು ಹಾಕೋದು ಅಂದ್ರೆ ಇದ್ದಲ್ಲೇ ಇದ್ದ ಹಾಗೆ. ಅದೇ ಗಾಳಿ, ಅದರ ಜೊತೆ ಭರತವೂ ಸೇರಿದ್ರೆ ಮಧ್ಯಾಹ್ನ ಮೇಲೆ ಹಂಗಾರಕಟ್ಟೆ ಕಡೆಯಿಂದ ಮಾಬುಕಳಕ್ಕೆ ವಾಪಸ್ ಬರೋದು ಪುಕ್ಕಟೆ ಸವಾರಿ. ಕಾಂಡ್ಲಾ ನಡುವಿನ ತೋಡುಗಳದ್ದು ಇನ್ನೊಂದು ಕಥೆ. ಭರತದಲ್ಲಿ ಒಳಗೆ ನುಗ್ಗಬಹುದು, ಮೇಲಿಂದ ಕಾಂಡ್ಲಾದ ಬೀಜ ನುಗ್ಗೆಕಾಯಿ ಹಾಗೆ ನೇತಾಡ್ತಾ ತಲೆಗೆ ತಾಗ್ತದೆ, ಅದು ಮರದಲ್ಲೇ ಮೊಳಕೆ ಒಡೆದು ಆಮೇಲೆ ಕೆಸರಿಗೆ ಬೀಳೋದು. ಖುಷಿಯಲ್ಲಿ ಒಳಗೊಳಗೆ ಹೋಗಿ ಟೈಮ್ ಮರೆತ್ರೆ ನೀರು ಇಳಿದು ಕಯಾಕ್ ಕೆಸರ ಮೇಲೆ ಕೂತುಬಿಡ್ತದೆ. ಇಳಿದು ನೂಕೋಣ ಅಂದ್ರೆ ಕಾಲು ಮೊಣಕಾಲು ತನಕ ಹೋಗ್ತದೆ, ಚಪ್ಪಲಿ ಒಳಗೇ ಉಳೀತದೆ, ಕೆಸರಲ್ಲಿ ಚಿಪ್ಪು ಇದ್ರೆ ಕಾಲು ಸೀಳ್ತದೆ. ಮುಂದಿನ ಭರತ ಬರೋ ತನಕ ಸೊಳ್ಳೆ ಜೊತೆ ಕೂರ್ಬೇಕು. ಅದಕ್ಕೇ ಯಾವ ತೋಡು ಹಾದು ಆಚೆ ಹೋಗ್ತದೆ, ಯಾವುದು ಕುರುಡು ತೋಡು ಅಂತ ತೋಡಿನ ಬಾಯಲ್ಲೇ ಒಂದು ಗುರುತು ಬೇಕು. ಗೂಗಲ್ ಮ್ಯಾಪಿಗೆ ಎಲ್ಲ ತೋಡೂ ಒಂದೇ.

ಕಿಂಡಿ ಅಣೆಕಟ್ಟಿನ ವಿಷಯ ಸಣ್ಣ ನೀರಾವರಿಯವ್ರಿಗೆ. ಪಶ್ಚಿಮವಾಹಿನಿ ಅಂತ ಯೋಜನೆ ಬಂದ ಮೇಲೆ ಕರಾವಳಿಯ ಹೊಳೆಗಳಿಗೆಲ್ಲ ಕಿಂಡಿ ಅಣೆಕಟ್ಟು ಬರ್ತಾ ಉಂಟು. ಮಳೆಗಾಲ ಮುಗಿದ ಮೇಲೆ ಹಲಗೆ ಹಾಕಿ ಸಿಹಿನೀರು ನಿಲ್ಲಿಸೋದು, ಉಪ್ಪುನೀರು ಮೇಲೆ ಬರದ ಹಾಗೆ ತಡೆಯೋದು, ಮಳೆಗಾಲಕ್ಕೆ ಮೊದ್ಲು ಹಲಗೆ ತೆಗೆಯೋದು. ಬಾವಿಗಳಿಗೆ ನೀರು ಬಂತು, ಬೇಸಿಗೆಯಲ್ಲಿ ತೋಟ ಉಳೀತು, ಇದನ್ನೆಲ್ಲ ಒಪ್ಪಿದ ಮೇಲೂ ಒಂದು ಮಾತು ಉಂಟು. ದೋಣಿಯವ್ರಿಗೆ ಅದು ಗೋಡೆ. ಹಲಗೆ ಮೇಲಿಂದ ನೀರು ಧುಮುಕೋವಾಗ ಕೆಳಗೆ ನೀರು ಸುತ್ತಿ ಸುತ್ತಿ ವಾಪಸ್ ಗೋಡೆ ಕಡೆಗೇ ಎಳೀತದೆ, ನೋಡೋಕೆ ಎರಡಡಿ ಎತ್ತರ, ಆದ್ರೆ ಅದರ ಬುಡಕ್ಕೆ ಸಿಕ್ಕಿದವ್ನು ಈಜು ಬಂದ್ರೂ ಹೊರಗೆ ಬರೋದು ಕಷ್ಟ. ಹಾಗಾಗಿ ಪ್ರತೀ ಅಣೆಕಟ್ಟಿನ ಮೇಲ್ಗಡೆ ಸಾಕಷ್ಟು ದೂರದಲ್ಲೇ ಕೆಂಪು ಬೋರ್ಡು, ಅಲ್ಲೇ ಬದಿಗೆ ಹತ್ತೋಕೆ ಇಳಿಜಾರು, ದೋಣಿ ಹೊತ್ಕೊಂಡು ಕೆಳಗಡೆ ಇಳಿಸೋಕೆ ಕಾಲುದಾರಿ. ಹೊಸದಾಗಿ ಕಟ್ಟೋ ಅಣೆಕಟ್ಟಿನ ಎಸ್ಟಿಮೇಟಿನಲ್ಲೇ ಇದನ್ನ ಸೇರಿಸಿ, ಕಟ್ಟಿದ ಮೇಲೆ ಸೇರಿಸೋಕೆ ಹೋದ್ರೆ ಇನ್ನೊಂದು ಫೈಲು, ಇನ್ನೊಂದು ವರ್ಷ.

ಇನ್ನು ಮೀನುಗಾರರು. ಪ್ರಾಮಾಣಿಕವಾಗಿ ಹೇಳೋದಾದ್ರೆ ಈ ಇಡೀ ಯೋಜನೆಗೆ ವಿರೋಧ ಬರೋದಿದ್ರೆ ಅವ್ರ ಕಡೆಯಿಂದ ಬರ್ತದೆ, ಬಂದ್ರೆ ಅದು ನ್ಯಾಯವೇ. ಹೊಳೆಗೆ ಅಡ್ಡ ಬಲೆ ಕಟ್ಟಿರ್ತಾರೆ, ಕಯಾಕಿನವ್ನು ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಅದರ ಮೇಲೇ ಹೋದ್ರೆ ಬಲೆ ಹರೀತದೆ, ಒಂದು ಬಲೆ ಅಂದ್ರೆ ಸುಮ್ನೆ ಅಲ್ಲ. ಅಳಿವೆ ಹತ್ತಿರ ಪಂಜರದಲ್ಲಿ ಸೀಬಾಸ್ ಮೀನು ಸಾಕ್ತಾರೆ, ಪಂಜರಕ್ಕೆ ಕಯಾಕ್ ಕಟ್ಟಿ ಫೋಟೋ ತೆಗೆಯೋವ್ರನ್ನ ನಾನೇ ನೋಡಿದ್ದೇನೆ. ಮರುವಾಯಿ ಹೆಕ್ಕೋ ಹೆಂಗಸ್ರು ಎದೆ ತನಕ ನೀರಲ್ಲಿ ಕೂತು ಕೆಲಸ ಮಾಡ್ತಿರ್ವಾಗ ಕ್ಯಾಮೆರಾ ಹಿಡ್ಕೊಂಡು ಸುತ್ತ ಸುತ್ತಿದ್ರೆ ಅವ್ರಿಗೆ ಹೇಗಾಗ್ತದೆ ಹೇಳಿ. ಹೊಳೆ ಅವ್ರಿಗೆ ಡ್ಯೂಟಿ ಮಾಡೋ ಜಾಗ, ನಮಗೆ ರಜೆ ಕಳೆಯೋ ಜಾಗ, ಅವ್ರ ಡ್ಯೂಟಿಗೆ ಮೊದಲ ಹಕ್ಕು. ಅದಕ್ಕೇ ನಿಯಮ ಬರೆಯೋವಾಗ ಅವ್ರನ್ನ ಕೂರಿಸಿ ಬರೀರಿ. ಯಾವ ತಿಂಗಳು ಯಾವ ಜಾಗ ಬೇಡ, ಯಾವ ಹೊತ್ತಿಗೆ ಬೇಡ, ಪಂಜರದಿಂದ ಎಷ್ಟು ದೂರ ಇರ್ಬೇಕು, ಬಲೆ ಹರಿದ್ರೆ ಯಾರು ಎಷ್ಟು ಕೊಡ್ಬೇಕು, ಇದೆಲ್ಲ ಅವ್ರು ಹೇಳ್ಲಿ. ಗೈಡ್ ಬೇಕಾದ್ರೂ ಅವ್ರ ಮನೆ ಹುಡುಗ್ರನ್ನೇ ತಗೊಳ್ಳಿ, ಎಲ್ಲಿಂದಲೋ ಸರ್ಟಿಫಿಕೇಟ್ ತಂದವ್ರಿಗೆ ಹೊಳೆ ಪರಿಚಯ ಮಾಡ್ಸೋಕಿಂತ ಹೊಳೆ ಗೊತ್ತಿರೋವ್ರಿಗೆ ಪ್ರಥಮ ಚಿಕಿತ್ಸೆ ಕಲ್ಸೋದು ಸುಲಭ.

ಸುರಕ್ಷತೆ ಬಗ್ಗೆ ನಾನು ನಿಮಗಿಂತ ಕಟ್ಟುನಿಟ್ಟು. 2019ರ ಜನವರಿ 21ಕ್ಕೆ ಕಾರವಾರದ ಕೂರ್ಮಗಡ ಜಾತ್ರೆಗೆ ಹೋದ ದೋಣಿ ಮಗುಚಿ 16 ಜನ ಹೋದ್ರಲ್ಲ, ಮಿತಿಗಿಂತ ಜಾಸ್ತಿ ಜನ ಹತ್ತಿಸಿದ್ದು ಅಲ್ಲಿ ಕಾರಣ, ಮಕ್ಕಳೂ ಹೋದ್ರು. ಅದಾದ ಮೇಲೆ ಸ್ವಲ್ಪ ದಿನ ಎಲ್ಲ ಕಡೆ ಲೈಫ್ ಜಾಕೆಟ್, ಚೆಕಿಂಗ್, ಆಮೇಲೆ ಪುನಃ ಜಾಕೆಟ್ ಸೀಟಿನ ಅಡಿಗೆ. ಹೊಳೆದಾರಿಯಲ್ಲಿ ಜಾಕೆಟ್ ಬಕಲ್ ಹಾಕದವ್ನು ನೀರಿಗೆ ಇಳಿಯೋ ಹಾಗಿಲ್ಲ ಅಂತ ಇರ್ಲಿ, ಈಜು ಬರ್ತದೆ ಅನ್ನೋವ್ರಿಗೂ ಸೇರಿಸಿ, ಅವ್ರಿಗೇ ಮೊದ್ಲು. ಜೂನಿಂದ ಸೆಪ್ಟೆಂಬರ್ ತನಕ ದಾರಿ ಬಂದ್, ಘಟ್ಟದಲ್ಲಿ ಮಳೆ ಸುರಿದ್ರೆ ಇಲ್ಲಿ ಬಿಸಿಲಿದ್ದಾಗಲೂ ಹೊಳೆ ಕೆಂಪಾಗಿ ಏರ್ತದೆ. ಇನ್ನೊಂದು, ಬಾರ್ಜ್ ದಾಟೋ ಗೆರೆಯಿಂದ ಪಡುವಲಿಗೆ ಕಯಾಕ್ ಹೋಗ್ಲೇಬಾರ್ದು. ಇಳಿತದಲ್ಲಿ ಎರಡು ಹೊಳೆ ನೀರು ಒಟ್ಟಿಗೆ ಅಳಿವೆ ಬಾಗಿಲಲ್ಲಿ ಹೊರಗೆ ನುಗ್ಗೋವಾಗ ಹೊರಗಿನ ಅಲೆ ಒಳಗೆ ಬರ್ತಿರ್ತದೆ, ಅಲ್ಲಿ ಅನುಭವ ಇರೋ ಬೋಟಿನವ್ರೇ ನೋಡಿ ದಾಟ್ತಾರೆ, ಬಾಡಿಗೆ ಕಯಾಕಲ್ಲಿ ಅಲ್ಲಿಗೆ ಹೋಗೋದು ಸಾಹಸ ಅಲ್ಲ ಮಾರಾಯ್ರೆ, ಅಧಿಕಪ್ರಸಂಗ.

ಇದೆಲ್ಲ ಎಲ್ಲಾದ್ರೂ ನಡೆದಿದ್ಯಾ ಅಂತ ಕೇಳಿದ್ರೆ ದೂರ ಬೇಡ, ಕೇರಳ ನೋಡಿ. ಚಾಲಿಯಾರ್ ಹೊಳೆಯಲ್ಲಿ ನಿಲಂಬೂರಿಂದ ಕೋಝಿಕ್ಕೋಡ್ ತನಕ 68 ಕಿಲೋಮೀಟರ್ ಮೂರು ದಿನ ಕಯಾಕಲ್ಲಿ ಹೋಗೋ ಕಾರ್ಯಕ್ರಮ ನಡೆಸ್ಕೊಂಡು ಬಂದಿದ್ದಾರೆ, ದೇಶ ವಿದೇಶದವ್ರು ಬರ್ತಾರೆ, ಹೋಗ್ತಾ ಹೋಗ್ತಾ ಹೊಳೆಯಲ್ಲಿರೋ ಪ್ಲಾಸ್ಟಿಕ್ ಹೆಕ್ತಾರೆ. ದೂರದ್ದೇ ಬೇಕು ಅಂದ್ರೆ ಅಮೆರಿಕದ ಮೇಯ್ನ್ ರಾಜ್ಯದಲ್ಲಿ 1988ರಿಂದ ಐಲ್ಯಾಂಡ್ ಟ್ರೇಲ್ ಅಂತ ಉಂಟು, ಸಮುದ್ರ ತೀರಗುಂಟ 375 ಮೈಲಿ ಉದ್ದ. ನನಗೆ ಅದ್ರಲ್ಲಿ ಇಷ್ಟ ಆಗಿದ್ದು ಉದ್ದ ಅಲ್ಲ, ಅಲ್ಲಿ ಇಳಿಯೋ ದ್ವೀಪಗಳಲ್ಲಿ ಎಷ್ಟೋ ಖಾಸಗಿಯವ್ರದ್ದು, ಮಾಲೀಕರು ಬಾಯಿಮಾತಲ್ಲಿ ಒಪ್ಪಿ ಬಿಟ್ಟುಕೊಟ್ಟಿದ್ದು, ಬದಲಿಗೆ ಸ್ವಯಂಸೇವಕರು ಆ ಜಾಗ ಕ್ಲೀನ್ ಇಡ್ತಾರೆ. ನಮ್ಮಲ್ಲೂ ಹಳೇ ಕಡವಿನ ದಾರಿ ಎಷ್ಟೋ ಕಡೆ ತೋಟದೊಳಗೆ ಹೋಗಿದೆ, ಭೂಸ್ವಾಧೀನ ಅಂತ ನೋಟಿಸ್ ಹಿಡ್ಕೊಂಡು ಹೋದ್ರೆ ಯಾರೂ ಒಪ್ಪೋದಿಲ್ಲ, ಪಂಚಾಯ್ತಿ ಸದಸ್ಯರು ಒಂದು ಸಂಜೆ ಹೋಗಿ ಜಗಲಿಯಲ್ಲಿ ಕೂತು ಮಾತಾಡಿದ್ರೆ ಮೂರಡಿ ದಾರಿ ಕೊಡೋವ್ರು ಬೇಕಾದಷ್ಟು ಜನ ಇದ್ದಾರೆ.

ಕಾನೂನು ಅಡ್ಡ ಬರ್ತದೆ ಅಂತ ಹೇಳ್ಬೇಡಿ. ಕಾಂಡ್ಲಾ ಇರೋ ಜಾಗ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿಯಮದಲ್ಲಿ ಅತೀ ಸೂಕ್ಷ್ಮ ವಲಯ, ಅಲ್ಲಿ ಕಟ್ಟಬಾರ್ದು ಅನ್ನೋದು ಸರಿ, ನಾನು ಕಟ್ಟಿ ಅಂತ ಹೇಳ್ತಾನೂ ಇಲ್ಲ. 2019ರ ಅಧಿಸೂಚನೆಯಲ್ಲೇ ಮಂಜೂರಾದ ಪ್ಲಾನ್ ಪ್ರಕಾರ ಪರಿಸರ ಪ್ರವಾಸೋದ್ಯಮಕ್ಕೆ ಅವಕಾಶ ಇಟ್ಟಿದ್ದಾರೆ. ಕಯಾಕಿಗೆ ಇಂಜಿನ್ ಇಲ್ಲ, ಡೀಸೆಲ್ ಇಲ್ಲ, ಸದ್ದಿಲ್ಲ. ಇನ್ನೊಂದು ತಮಾಷೆ ನೋಡಿ, 2016ರಲ್ಲಿ ಕೇಂದ್ರ ಸರ್ಕಾರ ದೇಶದ 111 ಜಲಮಾರ್ಗಗಳನ್ನ ರಾಷ್ಟ್ರೀಯ ಜಲಮಾರ್ಗ ಅಂತ ಕಾಯ್ದೆ ಮಾಡಿತು, ಅದ್ರಲ್ಲಿ ನಮ್ಮ ಜಿಲ್ಲೆಯ ಉದ್ಯಾವರ ಹೊಳೆ ಉಂಟು, ಗಂಗೊಳ್ಳಿಯ ಪಂಚಗಂಗಾವಳಿ ಉಂಟು. ರಾಷ್ಟ್ರೀಯ ಹೆದ್ದಾರಿ ಇದ್ದ ಹಾಗೆ ರಾಷ್ಟ್ರೀಯ ಹೊಳೆ. ಆ ಹೊಳೆ ಬದಿಯ ಊರವ್ರನ್ನ ಕೇಳಿ ನೋಡಿ, ಎಷ್ಟು ಜನಕ್ಕೆ ಇದು ಗೊತ್ತುಂಟು ಅಂತ. ಸೀತಾ ಹೊಳೆಗೆ ಅಂಥ ದೊಡ್ಡ ಪದವಿ ಬೇಡ, ಇಲ್ಲಿ ಸರಿಯಾಗಿ ಆದ್ರೆ ಆಮೇಲೆ ಸುವರ್ಣಾ ಹೊಳೆಯಲ್ಲಿ ಕಲ್ಯಾಣಪುರದಿಂದ ಕೆಮ್ಮಣ್ಣು, ತಿಮ್ಮಣ್ಣ ಕುದ್ರು ಕಡೆಗೆ, ಕುಂದಾಪುರದ ಕುದ್ರುಗಳ ಕಡೆಗೆ ಇದನ್ನೇ ಮಾಡ್ಬಹುದು.

ಊರವ್ರಿಗೂ ಒಂದು ಮಾತು, ಪತ್ರ ಬಹಿರಂಗ ಅಲ್ವಾ. ಸೇತುವೆ ಮೇಲೆ ಬೈಕ್ ನಿಲ್ಲಿಸಿ ಕೋಳಿ ವೇಸ್ಟಿನ ಚೀಲ ಹೊಳೆಗೆ ಬಿಸಾಡೋವ್ರು ಮೇಲಿಂದ ನೋಡ್ತಾರೆ, ಡಬಕ್ ಅಂತ ಬಿತ್ತು, ಹೋಯ್ತು ಅಂದ್ಕೊಳ್ತಾರೆ. ಎಲ್ಲೂ ಹೋಗಿರೋದಿಲ್ಲ. ಇಳಿತಕ್ಕೆ ಕೆಳಗೆ ಹೋಗಿ ಭರತಕ್ಕೆ ವಾಪಸ್ ಬಂದು ಕಾಂಡ್ಲಾ ಬೇರಲ್ಲಿ ಸಿಕ್ಕಾಕ್ಕೊಂಡು ಅಲ್ಲೇ ಕೊಳೀತಾ ಇರ್ತದೆ, ಡೈಪರ್ ಇರ್ತದೆ, ದೇವರ ಫೋಟೋ ಇರ್ತದೆ, ಮದುವೆ ಮನೆಯ ಪ್ಲಾಸ್ಟಿಕ್ ಲೋಟ ಚೀಲಗಟ್ಟಲೆ ಇರ್ತದೆ. ಹೊಳೆಯಲ್ಲಿ ಜನ ಓಡಾಡೋಕೆ ಶುರುವಾದ್ರೆ ಬಿಸಾಡೋವ್ನಿಗೆ ಒಂದು ಸ್ವಲ್ಪ ನಾಚಿಕೆಯಾದ್ರೂ ಆಗ್ಬಹುದು ಅಂತ ನನ್ನ ಆಸೆ.

ದುಡ್ಡಿನ ಬಗ್ಗೆ ನಾನು ಲೆಕ್ಕ ಕೊಡೋಕೆ ಹೋಗೋದಿಲ್ಲ, ನಿಮ್ಮ ಇಂಜಿನಿಯರ್‌ಗಳಿದ್ದಾರೆ. ಆದ್ರೆ ಆರ್ಡರ್ ಹೀಗಿರ್ಲಿ ಅಂತ ಕೇಳ್ಕೊಳ್ತೇನೆ. ಈ ಬೇಸಿಗೆಯಲ್ಲಿ ಪಂಚಾಯ್ತಿಗಳು ತಮ್ಮ ತಮ್ಮ ಹಳೇ ಕಡವುಗಳ ಪಟ್ಟಿ ಮಾಡ್ಲಿ, ಎಪ್ಪತ್ತು ದಾಟಿದವ್ರನ್ನ ಕೇಳಿದ್ರೆ ಎಲ್ಲ ಕಡವಿನ ಹೆಸರೂ ದಾರಿಯೂ ಸಿಗ್ತದೆ, ಇನ್ನು ಹತ್ತು ವರ್ಷ ಬಿಟ್ರೆ ಕೇಳೋಕೆ ಅವ್ರಿರೋದಿಲ್ಲ. ಹೊಸ ತಡೆಗೋಡೆಗೆ ಮೆಟ್ಟಿಲು ಇಲ್ಲದೆ ಬಿಲ್ ಪಾಸ್ ಮಾಡ್ಬೇಡಿ, ಹಳೇ ಗೋಡೆಗಳಲ್ಲಿ ಮೊದ್ಲು ಏಣಿ ಇಟ್ಟಿರೋ ಜಾಗಕ್ಕೇ ಮೆಟ್ಟಿಲು ಕೊಡಿ, ಎಲ್ಲಿ ಬೇಕು ಅಂತ ಸರ್ವೆ ಮಾಡೋದೇ ಬೇಡ, ಏಣಿ ಎಲ್ಲಿ ಉಂಟೋ ಅಲ್ಲಿ. ಮಳೆಗಾಲ ಮುಗಿದು ಹಲಗೆ ಹಾಕೋದ್ರೊಳಗೆ ಅಣೆಕಟ್ಟಿನ ಪಕ್ಕದ ಕಾಲುದಾರಿ ಆಗ್ಲಿ. ಬೋರ್ಡು ಆಮೇಲೆ, ಕನ್ನಡದಲ್ಲಿ, ದೊಡ್ಡದಾಗಿ, ಮಂತ್ರಿಗಳ ಫೋಟೋ ಇಲ್ಲದೆ. ಬಾಡಿಗೆ ಕಯಾಕ್, ಶುಲ್ಕ, ಆನ್‌ಲೈನ್ ಬುಕಿಂಗ್ ಇದೆಲ್ಲ ಕೊನೆಗೆ, ಅದನ್ನೇ ಮೊದ್ಲು ಮಾಡಿದ್ರೆ ಇದೂ ಇನ್ನೊಂದು ಗೇಟು ಟಿಕೆಟ್ಟಿನ ಜಾಗ ಆಗಿಬಿಡ್ತದೆ.

ಇದಕ್ಕೆ ಒಂದು ಸಭೆ ಕರೀರಿ, ಮಣಿಪಾಲದ ಆಫೀಸಲ್ಲಿ ಬೇಡ, ಹಂಗಾರಕಟ್ಟೆಯಲ್ಲೇ ಕರೀರಿ. ಬೆಳಗ್ಗೆ ಹನ್ನೊಂದಕ್ಕೆ ಅಂತ ಇಡ್ಬೇಡಿ, ಟೈಮ್ ಫಿಕ್ಸ್ ಮಾಡೋ ಮೊದ್ಲು ಅವತ್ತಿನ ಇಳಿತ ಎಷ್ಟೊತ್ತಿಗೆ ಅಂತ ವಿಚಾರಿಸ್ಕೊಳ್ಳಿ, ಇಳಿತದ ಹೊತ್ತಿಗೆ ಇಟ್ರೆ ಮರುವಾಯಿಯವ್ರು ಬರೋಕಾಗೋದಿಲ್ಲ, ಅವ್ರಿಲ್ಲದೆ ಈ ಸಭೆ ಮಾಡಿ ಪ್ರಯೋಜನ ಇಲ್ಲ.

ಇಂತಿ,
ಸೀತಾ ಹೊಳೆ ಬದಿಯ ಒಬ್ಬ ನಿವಾಸಿ
ಬ್ರಹ್ಮಾವರ ತಾಲೂಕು